ಪಾಲೆ ಮರದ ತುಂಡಿಗೆ ಕೊಡಲಿ ಬಿಸಾಡಿದ ಮಳೆಗಾಲ

ಆಷಾಢ ಮುಗಿಯುವ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಈ ಸಲವೂ ಬಾಬಣ್ಣ ಕಷಾಯದ ಬಾಟಲಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು. ಗಡಿನಾಡಿನ ಈ ವರ್ಕಾಡಿಯ ನಮ್ಮ ವಠಾರದಲ್ಲಿ ಸೂರ್ಯ ಹುಟ್ಟುವ ಮೊದಲು ಹೋಗಿ ಪಾಲೆ ಮರದ, ಅಂದರೆ ಹಾಲೆ ಮರದ, ತೊಗಟೆಯ ಕೆತ್ತೆ ತರುವವರು, ಅದನ್ನು ಅರೆದು ರಸ ಹಿಂಡಿ ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಚುಂಯ್ ಎಂದು ಮುಳುಗಿಸುವವರು ಅವರೊಬ್ಬರೇ. ಉಳಿದ ನಾವೆಲ್ಲ ಲೋಟ ಒಡ್ಡುವವರು. ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಆ ಹಸಿ ಕಹಿ ವಾಸನೆ ಮೂಗಿಗೆ ಹೊಡೆಯಿತು. ಬೇರೆಯವರಿಗೆ ಆ ವಾಸನೆಯಲ್ಲಿ ಆಟಿ ತಿಂಗಳು, ಮೆಂತೆ ಗಂಜಿ, ಅಜ್ಜಿಯ ಗದರಿಕೆ ನೆನಪಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ.

ಬಾಟಲಿ ಕೊಟ್ಟು ತಕ್ಷಣ ಮುಂದಿನ ಮನೆಗೆ ಹೊರಡುವವರು ಈ ಸಲ ಜಗಲಿಯ ಕಂಬ ಹಿಡಿದುಕೊಂಡು ನಿಂತೇ ಇದ್ದರು.

"ಎಂತ ಬಾಬಣ್ಣ?" ಎಂದೆ.

"ಎಂತ ಇಲ್ಲ ಟೀಚರೇ. ಮೊದಲು ಕುಡೀರಿ. ಮತ್ತೆ ಹೇಳ್ತೇನೆ."

ಮೂಗು ಮುಚ್ಚಿ ಕುಡಿದೆ. ಗಂಟಲಿನಿಂದ ಕೆಳಗಿಳಿಯುವಷ್ಟರಲ್ಲಿ ಕೆಲವು ವರ್ಷ ಹಿಂದಿನ ಆ ಮಳೆಗಾಲ ಪೂರ್ತಿ ಮೇಲೆ ಬಂತು.

ಅದಕ್ಕೆ ಮೊದಲು ನಾನು ಇಲ್ಲಿಯ ಸರಕಾರಿ ಹೈಸ್ಕೂಲಿನ ಕನ್ನಡ ವಿಭಾಗದಲ್ಲಿ ಗಣಿತ ಕಲಿಸುತ್ತಿದ್ದೆ. ದಿನವೇತನದ ಟೀಚರು. ಮಾರ್ಚ್ ಮುಗಿದರೆ ನಮಗೆ ಹೆಸರಿಲ್ಲ, ಜೂನ್ ಬಂದರೆ ಪುನಃ ಕರೆಯುತ್ತಾರೆ. ಆ ಜೂನ್‌ನಲ್ಲಿ ಕರೆಯಲಿಲ್ಲ, ಹುದ್ದೆಗೆ ಖಾಯಂ ಟೀಚರು ಬಂದಿದ್ದರು. ಖಾಯಂನವರು ಬಂದರೆ ನಮ್ಮಂಥವರು ಎದ್ದು ಜಾಗ ಬಿಡಬೇಕು, ಅದು ನಿಯಮ. ಅದಕ್ಕೆ ನಾನು ಗಲಾಟೆ ಮಾಡುವವಳಲ್ಲ. ಆದರೆ ಬಂದ ಹುಡುಗಿ ದೂರದ ತೆಂಕಣ ಜಿಲ್ಲೆಯವಳು. ಮಲಯಾಳ ಬಿಟ್ಟರೆ ಕನ್ನಡದ ಒಂದಕ್ಷರ ಬಾರದು. ಕನ್ನಡ ಮಾಧ್ಯಮದ ಹತ್ತನೇ ತರಗತಿಗೆ ಗಣಿತ ಕಲಿಸಲಿಕ್ಕೆ ಅವಳನ್ನು ಕಳಿಸಿದ್ದು ಯಾರು ಎಂದು ಕೇಳಿದರೆ ಎಲ್ಲರೂ ಬೆರಳು ಮೇಲೆ ತೋರಿಸಿದರು. ಮೇಲೆ ಯಾರು ಎಂದರೆ ಅದಕ್ಕೂ ಮೇಲೆ ತೋರಿಸಿದರು. ಮದುವೆ ಮನೆಗೆ ಅಡುಗೆಯವನನ್ನು ಕರೆದರೆ ಫೋಟೋ ತೆಗೆಯುವವನನ್ನು ಕಳಿಸಿ, ಹೇಗೂ ಮನುಷ್ಯ ಬಂದನಲ್ಲ, ಊಟ ಮಾಡಿ ಎಂದ ಹಾಗಾಯಿತು ಇದು.

ನನ್ನ ಮಗಳು ಅನ್ವಿತ ಅದೇ ತರಗತಿಯಲ್ಲಿದ್ದಳು. ಅವಳ ಪಕ್ಕದಲ್ಲಿ ಕೂರುತ್ತಿದ್ದವಳು ಧನ್ಯ, ಬಾಬಣ್ಣನ ಮೊಮ್ಮಗಳು. ಧನ್ಯಳ ಹಾಗೆ ಗಣಿತ ಹಿಡಿದ ಮಕ್ಕಳನ್ನು ನಾನು ಹೆಚ್ಚು ಕಂಡಿಲ್ಲ. ಲೆಕ್ಕ ಬಿಡಿಸಿದ ಮೇಲೂ "ಬೇರೆ ದಾರಿಯಲ್ಲಿ ಬರುದಿಲ್ವಾ ಟೀಚರ್?" ಎಂದು ಕೇಳುವ ಹುಡುಗಿ. ಆ ಜೂನ್‌ನಿಂದ ಅವಳು ಕೇಳುವುದನ್ನು ನಿಲ್ಲಿಸಿದಳಂತೆ. ವೃತ್ತದ ಪಾಠದಲ್ಲಿ ಹೊಸ ಟೀಚರು "ಞಾಣ್, ಞಾಣ್" ಎಂದು ಹೇಳುತ್ತಾ ಹೋದರು, ಅದು ನಮ್ಮ ಜ್ಯಾ ಎಂದು ಹೇಳುವವರಿರಲಿಲ್ಲ. ಅರ್ಥವಾಯಿತಾ ಎನ್ನಲು "ಮನಸ್ಸಿಲಾಯೋ?" ಎಂದರೆ ಇಡೀ ತರಗತಿ ಒಂದೇ ರಾಗದಲ್ಲಿ ಹೌದು ಎನ್ನುತ್ತಿತ್ತು. ಮಾರ್ಚಿನಲ್ಲಿ ಈ ಮಕ್ಕಳ ಕೈಗೆ ಬರುವುದು ಕನ್ನಡದ ಪ್ರಶ್ನೆಪತ್ರಿಕೆ. ಅನ್ವಿತಳಿಗೆ ಮನೆಯಲ್ಲಿ ನಾನಿದ್ದೆ. ಉಳಿದವರಿಗೆ ಯಾರಿದ್ದರು?

ಸಂಜೆ ನಮ್ಮ ಜಗಲಿಗೆ ಬನ್ನಿ, ಹೇಳಿಕೊಡುತ್ತೇನೆ ಎಂದು ಮಕ್ಕಳಿಗೆ ಹೇಳಿ ಕಳಿಸಿದೆ. ಹತ್ತಿರದ ನಾಲ್ಕೈದು ಮಕ್ಕಳು ಬಂದರು. ದೂರದವರಿಗೆ ಬಸ್ಸು ತಪ್ಪಿದರೆ ಜೀಪಿಲ್ಲ, ಆ ಮಳೆಗೆ ನಡೆಯುವ ಹಾಗಿಲ್ಲ. ಅಷ್ಟಕ್ಕೇ ಶಾಲೆಯ ಪೋಷಕರ ಸಂಘದ, ಅಂದರೆ ಪಿಟಿಎಯ, ಅಧ್ಯಕ್ಷರು ಅಂಗಡಿಯಲ್ಲಿ ಕೂತು ಹೇಳಿದರಂತೆ: "ಕೆಲಸ ಹೋಯ್ತಲ್ಲ, ಈಗ ಟ್ಯೂಷನ್‌ಗೆ ಜನ ಹಿಡೀತಾ ಇದ್ದಾರೆ ಟೀಚರು." ಬಂದ ಮಕ್ಕಳಲ್ಲಿ ಅರ್ಧ ಮಕ್ಕಳು ಮಾರನೆಯ ವಾರದಿಂದ ಬರಲಿಲ್ಲ.

ಇದೇ ಅಧ್ಯಕ್ಷರು ಆ ಏಪ್ರಿಲ್‌ನಲ್ಲಿ ಶಾಲೆಯ ಗೇಟಿನ ಬದಿಯ ಪಾಲೆ ಮರವನ್ನು ಕಡಿಸಿದ್ದರು. ತಮ್ಮ ತೀರಿಹೋದ ತಂದೆಯ ಹೆಸರಿನ ಕಮಾನು ಅಲ್ಲಿ ಬರಬೇಕಿತ್ತು. ಅದು ಬಾಬಣ್ಣ ಪ್ರತಿ ಆಟಿಗೆ ಕೆತ್ತೆ ತೆಗೆಯುತ್ತಿದ್ದ ಮರ. ಆ ಕೆಲಸಕ್ಕೆ ಕತ್ತಿ, ಮಚ್ಚು ಯಾವುದೂ ಮುಟ್ಟಿಸಬಾರದು, ಕಲ್ಲಿನಿಂದ ಜಜ್ಜಿಯೇ ಕೆತ್ತೆ ಎಬ್ಬಿಸಬೇಕು. ಕಬ್ಬಿಣ ತಾಗಿದರೆ ಮದ್ದು ವಿಷವಾಗುತ್ತದೆ ಎಂದು ನಮ್ಮಲ್ಲಿ ಸಣ್ಣ ಮಕ್ಕಳೂ ಹೇಳುತ್ತಾರೆ. ಅಂಥ ಮರಕ್ಕೆ ಮಿಷನ್ ಗರಗಸ ಇಟ್ಟು ಅರ್ಧ ಹೊತ್ತಿನಲ್ಲಿ ಮಲಗಿಸಿದರು. ವಠಾರವೆಲ್ಲ ರಸ್ತೆ ಬದಿಯಲ್ಲಿ ನಿಂತು ನೋಡಿತು. "ಅಯ್ಯೋ ಪಾಪ" ಎಂದಿತು. ಮನೆಗೆ ಹೋಗಿ ಚಹಾ ಕುಡಿಯಿತು. ಬಾಬಣ್ಣನೂ ಅಲ್ಲಿದ್ದರು.

ಇನ್ನು ಕೊಡಲಿಯ ವಿಷಯ. ಅದನ್ನು ಮನೆಗೆ ತಂದದ್ದು ನಾನಲ್ಲ, ನನ್ನ ಗಂಡ ರಮೇಶ. ಇವರು ಜೀಪು ಓಡಿಸುವವರು. ಸ್ಟ್ಯಾಂಡಿನಲ್ಲಿ ಜನ ತುಂಬುವವರೆಗೆ ಫೋನು ನೋಡುವುದೇ ಕೆಲಸ. ಅಮೇರಿಕದ ಯಾರೋ ಗಡ್ಡದವರು ಮನೆಯ ಹಿತ್ತಿಲಿನಲ್ಲಿ ಟೊಮಾಹಾಕ್ ಎಂಬ ಸಣ್ಣ ಕೊಡಲಿಯನ್ನು ಗಾಳಿಯಲ್ಲಿ ತಿರುಗಿಸಿ ಎಸೆದು ಮರಕ್ಕೆ ಕಚ್ಚಿಸುವುದನ್ನು ನೋಡಿ ಇವರಿಗೆ ಹುಚ್ಚು ಹಿಡಿಯಿತು. ಕುಲುಮೆಯ ಆಚಾರಿಗೆ ಫೋನಿನಲ್ಲಿ ಚಿತ್ರ ತೋರಿಸಿ ಅಂಥದ್ದೇ ಒಂದು ಮಾಡಿಸಿದರು. ಕಿರಿದಾದ ಬಾಯಿ, ಕೈಯಳತೆಯ ನೇರ ಹಿಡಿ. ಹಿಡಿಯನ್ನು ಪಿಕ್ಕಾಸಿಗೆ ಹಾಕುವ ಹಾಗೆ ಮೇಲಿನಿಂದ ತೂರಿಸಿದ್ದು, ಮುರಿದರೆ ಕುಟ್ಟಿ ತೆಗೆದು ಬೇರೆ ಹಾಕಬಹುದು. ಹಿಡಿಗೆ ನಮ್ಮದೇ ಪೇರಳೆ ಮರದ ಗೆಲ್ಲು.

ಮೊದಲನೆಯ ದಿನ ಇವರು ಹಲಸಿನ ಹಲಗೆಯೊಂದನ್ನು ಗೋಡೆಗೆ ಒರಗಿಸಿ ಬಲ ಬಿಟ್ಟು ಎಸೆದರು. ಹಲಸು ಗಟ್ಟಿ, ಕೊಡಲಿ ಠಣ್ ಎಂದು ಪುಟಿದು ಇವರ ಕಾಲ ಬುಡಕ್ಕೇ ಬಂತು. ತೆಂಗಿನ ಬೊಡ್ಡೆ ಇಟ್ಟರೆ ನಾರಿಗೆ ತಾಗಿ ಕೆಳಗೆ ಬಿತ್ತು. ಆಮೇಲೆ ಯಾರೋ ಮೆದು ಮರ ಆಗಬೇಕು, ಅದರ ಅಡ್ಡ ಕೊಯ್ದ ಮುಖಕ್ಕೆ ಎಸೆಯಬೇಕು ಎಂದರಂತೆ. ಶಾಲೆಯ ಹಿಂದೆ ಪಾಲೆ ಮರದ ತುಂಡುಗಳು ಬಿದ್ದಿದ್ದವು. ಒಲೆಗೆ ಹಾಕಲು ಯಾರಿಗೂ ಧೈರ್ಯವಿಲ್ಲ, ಮನೆಗೆ ತರಲು ಮನಸ್ಸಿಲ್ಲ. ಇವರು ಒಂದು ದೊಡ್ಡ ದುಂಡು ತುಂಡನ್ನು ಜೀಪಿನಲ್ಲಿ ಹಾಕಿಕೊಂಡು ಬಂದು ಹಿತ್ತಿಲಿನಲ್ಲಿ ಮೂರು ಕಾಲಿನ ಮೇಲೆ ನಿಲ್ಲಿಸಿದರು. ಅಷ್ಟು ಮಾಡುವಷ್ಟರಲ್ಲಿ ಇವರ ಹುಚ್ಚು ಇಳಿದಿತ್ತು. ಮಳೆ ಹಿಡಿಯಿತು. ಕೊಡಲಿ ಬಚ್ಚಲಿನ ಮಾಡಿನ ಜಂತಿಯಲ್ಲಿ ಸಿಕ್ಕಿಸಿದ ಹಾಗೇ ಉಳಿಯಿತು.

ಪಿಟಿಎ ಸಭೆ ನಡೆದದ್ದು ಜೂನ್ ಕೊನೆಗೆ. ಅದಕ್ಕೆ ಮುಂಚೆ ನಾನು ಮನೆ ಮನೆಗೆ ಹೋಗಿದ್ದೆ. ಮಾತಾಡಿ, ಇದು ನಿಮ್ಮ ಮಕ್ಕಳ ಹತ್ತನೇ ತರಗತಿ, ಕನ್ನಡ ಬರುವ ಟೀಚರು ಬೇಕು ಎಂದು ಎದ್ದು ನಿಂತು ಹೇಳಿ ಎಂದಿದ್ದೆ. ಎಲ್ಲರೂ ತಲೆ ಅಲ್ಲಾಡಿಸಿದ್ದರು. ಸಭೆಯಲ್ಲಿ ಅಧ್ಯಕ್ಷರು, "ಟೀಚರು ಹೊಸಬರು, ಕಲೀತಾರೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳುವ" ಎಂದರು. ನಾನು ಬಾಬಣ್ಣನ ಕಡೆಗೆ ನೋಡಿದೆ. ಅವರು ಕೊಡೆಯ ಹಿಡಿಯನ್ನು ನೋಡುತ್ತಾ ಕೂತಿದ್ದರು. ಯಾರೂ ಏಳಲಿಲ್ಲ. ನಾನೊಬ್ಬಳೇ ಎದ್ದೆ. "ನೀವು ಕೂತ್ಕೊಳ್ಳಿ ಟೀಚರೇ, ನಿಮ್ಮ ವಿಷಯ ಎಂತ ಅಂತ ಎಲ್ಲರಿಗೂ ಗೊತ್ತುಂಟು" ಎಂದರು ಅಧ್ಯಕ್ಷರು. ಕೆಲವರು ನಕ್ಕರು.

ಮನೆಗೆ ಬಂದವಳು ಸೀರೆ ಕೂಡ ಬದಲಿಸದೆ ಹಿತ್ತಿಲಿಗೆ ಹೋಗಿ ಮಾಡಿನಿಂದ ಕೊಡಲಿ ಎಳೆದೆ. ಆ ತುಂಡು ಯಾವ ಮರದ್ದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬಿಸಾಡಿದೆ.

ಕಚ್ಚಲಿಲ್ಲ. ಮತ್ತೆ ಬಿಸಾಡಿದೆ, ಬಟ್ಟೆ ಒಗೆಯುವ ಕಲ್ಲಿಗೆ ಹೋಗಿ ಬಿತ್ತು. ಕೋಳಿಗಳೆಲ್ಲ ಕೂಗಿಕೊಂಡು ಓಡಿದವು. ಕತ್ತಲಾಗುವವರೆಗೆ ಒಮ್ಮೆಯೂ ಕಚ್ಚಲಿಲ್ಲ.

ಮರುದಿನದಿಂದ ಅದನ್ನು ಲೆಕ್ಕದ ಹಾಗೆ ಹಿಡಿದೆ. ಸೀರೆ ಬಿಟ್ಟು ಚೂಡಿದಾರ, ಕಾಲಿಗೆ ಅನ್ವಿತಳ ಹಳೆಯ ಶಾಲೆಯ ಶೂ. ತುಂಡಿನ ಹಿಂದಿನ ದಾರಿಗೆ ಗಳ ಅಡ್ಡ ಹಾಕಿ, ಕೋಳಿಗಳನ್ನು ಗೂಡಿಗೆ ತುಂಬಿ, ಮನೆಯವರಿಗೆ ಆ ಕಡೆ ಬರಬೇಡಿ ಎಂದು ಕೂಗಿ ಹೇಳಿ ಶುರುಮಾಡುತ್ತಿದ್ದೆ. ಕೊಡಲಿ ಕೈಬಿಟ್ಟ ಮೇಲೆ ಒಂದು ಸುತ್ತು ತಿರುಗಿ ಬಾಯಿ ಮುಂದಾಗಿ ಮರಕ್ಕೆ ತಲಪಬೇಕು. ಹಿಡಿ ಮೊದಲು ತಾಗಿದರೆ ನಾನು ತೀರಾ ಹತ್ತಿರ ನಿಂತಿದ್ದೇನೆ ಎಂದರ್ಥ, ಹಿಂದೆ ಸರಿಯಬೇಕು. ತಲೆ ಮೊದಲು ಬಡಿದರೆ ಮುಂದೆ ಬರಬೇಕು. ಸರಿಯಾದ ಜಾಗ ಸಿಕ್ಕಿದ ಮೇಲೆ ಅಲ್ಲಿ ಹಂಚಿನ ಚೂರೊಂದನ್ನು ಹುಗಿದೆ. ಮಣಿಕಟ್ಟು ತಿರುಚಬಾರದು, ಕೈ ನೇರ ಮುಂದೆ ಬಂದು ತಾನೇ ಬಿಡಬೇಕು. ಮಳೆಯಲ್ಲಿ ಹಿಡಿ ಜಾರುತ್ತದೆ, ಒರೆಸಬೇಕು. ನಾಲ್ಕು ಸಲ ಎಸೆದರೆ ತಲೆ ಸಡಿಲವಾಗುತ್ತದೆ, ಹಿಡಿಯನ್ನು ಕಲ್ಲಿಗೆ ಕುಟ್ಟಿ ಬಿಗಿ ಮಾಡಬೇಕು. ಇದೆಲ್ಲ ಒಂದೊಂದಾಗಿ, ಬಿದ್ದು ಬಿದ್ದು ಗೊತ್ತಾಯಿತು.

ಮೊದಲ ಸಲ ಕಚ್ಚಿದಾಗ ಬಂದ ಸದ್ದು ಇನ್ನೂ ಕಿವಿಯಲ್ಲಿದೆ. ದಬ್ ಎಂಬ ಒಂದೇ ಸದ್ದು. ಕೊಡಲಿ ಅಲ್ಲೇ ನಿಂತು ಹಿಡಿ ಸ್ವಲ್ಪ ನಡುಗಿತು. ನಾನು ಕೂಗಿದ್ದು ರಸ್ತೆಗೆ ಕೇಳಿಸಿತಂತೆ.

ಹಾಗೆ ಎಸೆಯುತ್ತಾ ನನ್ನ ಸಿಟ್ಟು ಇಳಿಯಿತು ಎಂದು ಇವರು ಸ್ಟ್ಯಾಂಡಿನಲ್ಲಿ ಹೇಳಿದ್ದರು. ಬರೀ ಸುಳ್ಳು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ತೀರಿಸಿದರೆ ಅತ್ತೆ ಅಲ್ಲೇ ಇರುತ್ತಾಳೆ. ದಿನಾ ಸಂಜೆ ಅನ್ವಿತ ಬಂದು ಇವತ್ತು ತರಗತಿಯಲ್ಲಿ ಏನೂ ಗೊತ್ತಾಗಲಿಲ್ಲ ಎನ್ನುತ್ತಿದ್ದಳು, ನಾನು ಹೋಗಿ ಕೊಡಲಿ ತೆಗೆಯುತ್ತಿದ್ದೆ. ಸಿಟ್ಟು ಇದ್ದಷ್ಟೇ ಇತ್ತು. ಆ ಹೊಸ ಟೀಚರಿನ ಮೇಲೆ ಕೋಪ ಮಾಡಿಕೊಳ್ಳಲಿಕ್ಕೂ ಆಗಲಿಲ್ಲ. ಒಂದು ದಿನ ಬಸ್ಸಿನಲ್ಲಿ ಸಿಕ್ಕಿದಳು. ನನ್ನ ಕೈ ಹಿಡಿದು, ಮಕ್ಕಳ ಮುಖ ನೋಡಿದರೆ ತನಗೆ ಅಳು ಬರುತ್ತದೆ, ಊರಿನ ಹತ್ತಿರ ಎಲ್ಲಾದರೂ ಹಾಕಿದರೆ ಸಾಕು ಎಂದು ಮಲಯಾಳದಲ್ಲಿ ಹೇಳಿದಳು. ಕಣ್ಣು ಕೆಂಪಾಗಿತ್ತು. ಅವಳಿಗೂ ಬೇಡ, ಮಕ್ಕಳಿಗೂ ಬೇಡ. ಆದರೂ ನಡೆಯುತ್ತಲೇ ಇತ್ತು, ಯಾಕೆಂದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಹೀಗೆ ಆಟಿ ಅಮಾವಾಸ್ಯೆ ಬಂತು. ಶಾಲೆಯ ಮರವಿಲ್ಲ. ಬಾಬಣ್ಣ ಹಿಂದಿನ ದಿನವೇ ಬೆಳ್ಳೂರಿನ ನೆಂಟರ ಮನೆಗೆ ಹೋಗಿ ಉಳಿದು, ಬೆಳಗಿನ ಜಾವ ಅಲ್ಲಿಯ ಮರದಿಂದ ಕೆತ್ತೆ ತಂದರು. ಕಷಾಯ ವಠಾರಕ್ಕೆ ಮುಟ್ಟುವಾಗ ಹೊತ್ತು ಏರಿತ್ತು. ಹಸಿದ ಹೊಟ್ಟೆಯಲ್ಲಿ ಕಾದು ಕೂತ ಜನಕ್ಕೆ ಹಳೆಯ ಮರದ ನೆನಪಾಯಿತು. ಅದರ ತುಂಡು ಟೀಚರಿನ ಹಿತ್ತಿಲಲ್ಲಿ ಉಂಟು, ಅದಕ್ಕೆ ದಿನಾ ಕೊಡಲಿ ಬಿಸಾಡುತ್ತಾಳೆ ಎಂಬುದೂ ನೆನಪಾಯಿತು.

ಮಧ್ಯಾಹ್ನ ಮಳೆ ಬಿಟ್ಟ ಹೊತ್ತಿಗೆ ಅವರು ಬಂದರು. ಅಂಗಳ ತುಂಬ ಜನ! ಸಭೆಗೆ ಬನ್ನಿ ಎಂದು ನಾನು ಕಾಲು ಸವೆಸಿದಾಗ ಬಾರದವರೆಲ್ಲ ಬಂದಿದ್ದರು. ಮುಂದೆ ಬಾಬಣ್ಣ, ಹಿಂದೆ ಅಧ್ಯಕ್ಷರು. ನಾನು ಹಿತ್ತಿಲಲ್ಲೇ ಇದ್ದೆ, ಕೊಡಲಿ ಕೈಯಲ್ಲೇ ಇತ್ತು. ನೇರ ಅಲ್ಲಿಗೇ ಬಂದರು.

"ಟೀಚರೇ, ಇದು ಸರಿಯಾ?" ಎಂದರು ಬಾಬಣ್ಣ. "ಕಬ್ಬಿಣ ಮುಟ್ಟಿಸಬಾರದ ಮರ ಇದು. ಕಲಿತವರು ನೀವು. ನೀವೇ ಹೀಗೆ ಮಾಡಿದ್ರೆ ಹೇಗೆ?"

"ಹೆಂಗಸಿಗೆ ಎಂತಕ್ಕೆ ಕೊಡಲಿ?" ಎಂದರು ಹಿಂದಿನಿಂದ ಯಾರೋ.

ನಾನು ಕೊಡಲಿ ಕೆಳಗಿಡಲಿಲ್ಲ. "ಬಾಬಣ್ಣ, ಇದನ್ನು ಮಿಷನ್‌ನಲ್ಲಿ ಕೊಯ್ಯುವಾಗ ನೀವೆಲ್ಲ ಎಲ್ಲಿದ್ರಿ? ಅದರ ಹಲ್ಲು ಎಂತ, ಬಾಳೆಯ ದಿಂಡಾ? ಅದೂ ಕಬ್ಬಿಣವೇ ಅಲ್ವಾ? ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕ್ಲಿಕ್ಕೆ ಬಂದಿದ್ದೀರಿ. ಕಡಿಸಿದವರು ನಿಮ್ಮ ಹಿಂದೆಯೇ ನಿಂತಿದ್ದಾರೆ, ಅವರಿಗೆ ಕೇಳಿ!"

ಯಾರೂ ಹಿಂದೆ ತಿರುಗಿ ನೋಡಲಿಲ್ಲ.

"ಸತ್ತ ಮರಕ್ಕೆ ನೋವಾಯ್ತು ಅಂತ ಇಷ್ಟು ಜನ ಬಂದಿದ್ದೀರಿ. ಜೀವ ಇರುವ ಮಕ್ಕಳು ಎರಡು ತಿಂಗಳಿಂದ ತಲೆಬುಡ ಗೊತ್ತಾಗದೆ ಕೂತಿದ್ದಾರೆ, ಒಬ್ಬರಾದರೂ ಶಾಲೆಗೆ ಬಂದ್ರಾ? ಬಾಬಣ್ಣ, ನಿಮ್ಮ ಧನ್ಯ ತರಗತಿಯಲ್ಲಿ ಬಾಯಿ ತೆರೆದು ಎಷ್ಟು ಸಮಯ ಆಯ್ತು, ಗೊತ್ತುಂಟಾ ನಿಮಗೆ?"

ಅಧ್ಯಕ್ಷರು ಈಗ ಮುಂದೆ ಬಂದರು. "ನೋಡಿ, ಬಂತು ವಿಷಯ. ಕೆಲಸ ವಾಪಸು ಬೇಕು ಇವರಿಗೆ. ಮಕ್ಕಳ ಹೆಸರು ಹೇಳುದು ಮಾತ್ರ."

ಸಿಟ್ಟಿನಲ್ಲಿ ಎಲ್ಲರ ಎದುರೇ ಕೊಡಲಿ ಎತ್ತಿ ತುಂಡಿಗೆ ಎಸೆದೆ. ಕಚ್ಚಿದ್ದರೆ ಚೆಂದ ಇರುತ್ತಿತ್ತು. ಹಿಡಿ ತಾಗಿ ದೊಪ್ಪನೆ ಕೆಸರಿಗೆ ಬಿತ್ತು. ಹಿಡಿ ತಾಗಿದರೆ ಹಿಂದೆ ಸರಿಯಬೇಕು. ನಾನು ಸರಿಯಲಿಲ್ಲ.

"ನನಗೆ ಆ ಕೆಲಸ ಬೇಡ" ಎಂದೆ. "ಇನ್ನು ಮೇಲೆ ಕರೆದರೂ ಆ ಶಾಲೆಗೆ ಕಲಿಸ್ಲಿಕ್ಕೆ ನಾನು ಬರುದಿಲ್ಲ. ನಿಮ್ಮೆಲ್ಲರ ಎದುರು ಹೇಳ್ತಾ ಇದ್ದೇನೆ. ಈಗಾದರೂ ನಂಬ್ತೀರಾ? ನಾಳೆ ಬೆಳಿಗ್ಗೆ ಶಾಲೆಯ ಜಗಲಿಗೆ ಬಂದು ಕೂತುಕೊಳ್ಳಿ. ಕನ್ನಡ ಬರುವ ಟೀಚರು ಬರುವವರೆಗೆ ಏಳಬೇಡಿ. ನೀವು ಕೂತರೆ ಈ ಮರಕ್ಕೆ ಇನ್ನೊಮ್ಮೆ ಕೊಡಲಿ ತಾಗುದಿಲ್ಲ. ಕೂರದಿದ್ದರೆ ಇದು ಪುಡಿಯಾಗುವವರೆಗೆ ಬಿಸಾಡ್ತೇನೆ!"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಇವರ ಮುಖ ಬಿಳಿಚಿತ್ತು. ಮುಂದಿನ ಜೂನ್‌ನಲ್ಲಾದರೂ ಕರೆಯುತ್ತಾರೆ ಎಂದು ನಾವಿಬ್ಬರೂ ಒಳಗೊಳಗೇ ಕಾಯುತ್ತಿದ್ದೆವು. ನನಗೆ ಕಲಿಸುವುದು ಬಿಟ್ಟು ಬೇರೆ ಏನೂ ಪ್ರೀತಿಯಿರಲಿಲ್ಲ. ಆ ಮಾತು ಬಾಯಿಂದ ಹೊರಟ ಮೇಲೆ ಒಗೆಯುವ ಕಲ್ಲಿನ ಮೇಲೆ ಕೂತೆ. ಜನ ಒಬ್ಬೊಬ್ಬರಾಗಿ ಹೋದರು.

ಮರುದಿನ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಮೊದಲು ಕೂತವರು ಬಾಬಣ್ಣ. ಒದ್ದೆ ಕೊಡೆಯನ್ನು ಪಕ್ಕದಲ್ಲಿಟ್ಟು, ಎಲೆ ಅಡಕೆ ಬಾಯಿಗೆ ಹಾಕಿ, ಯಾರು ಮಾತಾಡಿಸಿದರೂ ಉತ್ತರ ಕೊಡದೆ ಕೂತರು. ಅವರನ್ನು ನೋಡಿ ಇನ್ನಿಬ್ಬರು ಕೂತರು. ಮಧ್ಯಾಹ್ನದ ಹೊತ್ತಿಗೆ ಬೀಡಿ ಕಟ್ಟುವ ಹೆಂಗಸರು ಬೀಡಿ ಎಲೆ ಇಟ್ಟ ಮೊರದಂಥ ಸೂಪು ಸಮೇತ ಬಂದು ಅಲ್ಲೇ ಬೀಡಿ ಕಟ್ಟುತ್ತಾ ಕೂತರು. "ಕೆಲಸ ಎಲ್ಲಿ ಮಾಡಿದ್ರೂ ಕೆಲಸವೇ" ಎಂದರು. ಭಾಷಣವಿಲ್ಲ, ಘೋಷಣೆಯಿಲ್ಲ. ಸುಮ್ಮನೆ ಕೂತರು, ಮರುದಿನವೂ, ಅದರ ಮರುದಿನವೂ. ಸುಮ್ಮನೆ ಇರುವುದು ನಮ್ಮವರಿಗೆ ಮೊದಲಿಂದ ಚೆನ್ನಾಗಿ ಬರುತ್ತದೆ, ಈ ಸಲ ಅದು ಉಪಕಾರಕ್ಕೆ ಬಂತು. ಎರಡನೆಯ ವಾರ ಮೇಲಿನವರು ಕಾರಿನಲ್ಲಿ ಬಂದು ನೋಡಿ ಹೋದರು. ಅಧ್ಯಕ್ಷರೂ ಆ ದಿನ ಬಂದು ಫೋಟೋದಲ್ಲಿ ಮುಂದೆ ನಿಂತರು.

ಓಣಂ ರಜೆ ಕಳೆದು ಶಾಲೆ ತೆರೆಯುವಾಗ ಎಡನೀರು ಕಡೆಯ ಒಬ್ಬರು ಕನ್ನಡದ ಗಣಿತ ಟೀಚರಾಗಿ ಬಂದರು. ಮೊದಲಿನ ಹುಡುಗಿಗೆ ಊರಿನ ಹತ್ತಿರ ವರ್ಗವಾಯಿತು, ಹೋಗುವಾಗ ಮಕ್ಕಳಿಗೆ ಮಿಠಾಯಿ ಹಂಚಿ ಹೋದಳು. ಧನ್ಯ ಮೊದಲನೆಯ ವಾರವೇ ಹೊಸ ಟೀಚರಿಗೆ ಬೇರೆ ದಾರಿಯಲ್ಲಿ ಬರುದಿಲ್ವಾ ಎಂದು ಕೇಳಿದಳಂತೆ. ಅದನ್ನು ಅನ್ವಿತ ಬಂದು ಹೇಳಿದಾಗ ನಾನು ಒಲೆಯ ಕಡೆಗೆ ತಿರುಗಿ ನಿಂತು ಅತ್ತೆ. ಸಂತೋಷವೂ ಹೌದು, ಆ ಪ್ರಶ್ನೆ ಕೇಳಿಸಿಕೊಳ್ಳಬೇಕಾದವಳು ನಾನಾಗಿದ್ದೆ ಎಂಬ ಹೊಟ್ಟೆಯುರಿಯೂ ಹೌದು.

ಇನ್ನು ಕೊಡಲಿ ತಾಗದು ಎಂದ ಮಾತಿನಂತೆ ಪಾಲೆಯ ತುಂಡನ್ನು ಬಾಬಣ್ಣನಿಗೆ ಒಪ್ಪಿಸಿದೆ. ಅವರು ಅದರ ಗಾಯಗಳ ಮೇಲೆ ಕೈಯಾಡಿಸಿ, ತಲೆಯ ಮೇಲೆ ಹೊತ್ತುಕೊಂಡು ಹೋದರು. ಮುಂದಿನ ಜೂನ್‌ನಲ್ಲಿ ಬೇರೆ ಪಾಠಕ್ಕೆ ದಿನವೇತನದಲ್ಲಿ ಬರುತ್ತೀರಾ ಎಂದು ಶಾಲೆಯಿಂದ ಕೇಳಿದರು. ಇಲ್ಲ ಎಂದೆ. ಈಗ ಜಗಲಿಯಲ್ಲಿ ಸಂಜೆ ಟ್ಯೂಷನ್ ಮಾಡುತ್ತೇನೆ, ಅಧ್ಯಕ್ಷರು ಹೇಳಿದ್ದು ಹಾಗೆ ನಿಜವಾಯಿತು. ಹಿತ್ತಿಲಲ್ಲಿ ಮಾವಿನ ತುಂಡು ಉಂಟು. ಮಾವು ಪಾಲೆಯಷ್ಟು ಚೆನ್ನಾಗಿ ಕಚ್ಚಿಸಿಕೊಳ್ಳುವುದಿಲ್ಲ, ಆದರೂ ಮಳೆ ಬಿಟ್ಟ ಸಂಜೆಗಳಲ್ಲಿ ಎಸೆಯುತ್ತೇನೆ.

ಲೋಟ ಕೆಳಗಿಟ್ಟೆ. ಬಾಬಣ್ಣ ಇನ್ನೂ ಕಂಬ ಹಿಡಿದುಕೊಂಡೇ ಇದ್ದರು.

"ಈಗ ಹೇಳಿ."

"ನಮ್ಮ ಧನ್ಯನ ತಮ್ಮ ಈ ವರ್ಷ ಹತ್ತನೇ ಅಲ್ವಾ ಟೀಚರೇ. ವಿಜ್ಞಾನಕ್ಕೆ ಹೊಸಬರು ಬಂದಿದ್ದಾರೆ. ಕನ್ನಡ ಬರುದಿಲ್ಲ."

ನಾನು ಬಾಟಲಿಯ ಮುಚ್ಚಳ ತಿರುಪಿ ಬಿಗಿ ಮಾಡಿದೆ.

"ನಾನು ಮೂರು ಮನೆಗೆ ಹೋಗಿ ಹೇಳಿದೆ. ನೋಡುವ, ಅಡ್ಜಸ್ಟ್ ಮಾಡಿಕೊಳ್ಳುವ ಅಂತ ಹೇಳ್ತಾರೆ." ಬಾಬಣ್ಣ ತಲೆ ತಗ್ಗಿಸಿದರು. "ಆ ತುಂಡು ನಮ್ಮ ಅಟ್ಟದಲ್ಲಿ ಉಂಟು. ಹೊಗೆ ತಾಗಿ ಗಟ್ಟಿಯಾಗಿಯೇ ಉಂಟು. ಕಬ್ಬಿಣ ಮುಟ್ಟಿಸಬಾರದು, ನನಗೆ ಗೊತ್ತುಂಟು. ಆದರೆ ನೀವು ಅದಕ್ಕೆ ಕೊಡಲಿ ಬಿಸಾಡದೆ ನಮ್ಮ ಜನ ಮನೆಯಿಂದ ಹೊರಡುದಿಲ್ಲ. ತಂದು ಕೊಡ್ಲಾ?"

"ತನ್ನಿ" ಎಂದೆ. ಅವರು ಗೇಟು ದಾಟುವ ಮೊದಲೇ ಬಚ್ಚಲಿನ ಮಾಡಿನಿಂದ ಕೊಡಲಿ ತೆಗೆದು, ಹಿಡಿಯನ್ನು ಒಗೆಯುವ ಕಲ್ಲಿಗೆ ಕುಟ್ಟಿ ಬಿಗಿ ಮಾಡತೊಡಗಿದೆ.